ಇನ್ನೂ ಯಾಕೆ ಹೊರಟಿಲ್ಲ? ಅಟ್ಲಾಂಟಿಕ್ ದಾಟೋಕೆ ಬೋಟ್ ರೆಡಿ ಮಾಡೋವಾಗ ಆಗೋ ತಡಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಗಂಡ ಹೆಂಡ್ತಿ ಇಂಗ್ಲೆಂಡಿನ ದಕ್ಷಿಣ ಕರಾವಳೀಲಿ ಇರೋದು. ನಮ್ ಹತ್ರ 1980ರ ದಶಕದಲ್ಲಿ ಕಟ್ಟಿದ 36 ಅಡಿ ಫೈಬರ್ ಗ್ಲಾಸ್ ಹಾಯಿ ಬೋಟ್ ಒಂದಿದೆ. ಅದ್ರಲ್ಲಿ ಅಟ್ಲಾಂಟಿಕ್ ದಾಟಿ ಕೆರಿಬಿಯನ್ ಕಡೆ ಹೋಗ್ಬೇಕು ಅಂತ ಹೊರಟ್ವಿ, ಹೋದ್ವಿ ಕೂಡ, ಆದ್ರೆ ಅಂದ್ಕೊಂಡಿದ್ದಕ್ಕಿಂತ ಪೂರ್ತಿ ಒಂದು ವರ್ಷ ತಡವಾಗಿ. ಆ ವರ್ಷ ಊರಿಂದ, ಆಫೀಸಿಂದ, ಸ್ನೇಹಿತರಿಂದ ಬಂದ ಪ್ರಶ್ನೆಗಳನ್ನೆಲ್ಲ, ಈಗ ಇದೇ ದಾರೀಲಿ ಹೊರಡೋಕೆ ನೋಡ್ತಿರೋ ಕೆಲವು ಕನ್ನಡದವರು ಕೇಳಿದ್ದನ್ನೂ ಸೇರಿಸಿ, ಒಂದ್ಕಡೆ ಬರೆದಿಟ್ಟಿದೀನಿ.

ಒಂದು ವರ್ಷ ತಡ ಆಗೋ ಅಂಥದ್ದು ಏನಾಯ್ತು?

ಶುರುವಾಗಿದ್ದು ಒಂದು ವಾಲ್ವಿಂದ. ಏಪ್ರಿಲ್‌ನಲ್ಲಿ ಬೋಟನ್ನ ನೀರಿಂದ ಮೇಲೆತ್ತಿ ಯಾರ್ಡಲ್ಲಿ ನಿಲ್ಲಿಸಿದ್ವಿ, ಎರಡು ವಾರದಲ್ಲಿ ತಳ ತೊಳೆದು ಪಾಚಿ, ಚಿಪ್ಪು ಹಿಡಿಯದ ಹಾಗೆ ತಡೆಯೋ ಆಂಟಿಫೌಲ್ ಪೇಂಟ್ ಹೊಡೆದು ವಾಪಸ್ ನೀರಿಗೆ ಇಳಿಸೋದು, ಜೂನ್ ಕೊನೇಲಿ ಇಂಗ್ಲೆಂಡಿನ ಫಾಲ್ಮತ್ ಬಂದರು ಬಿಡೋದು ಅಂತ ಲೆಕ್ಕ. ಸೀಕಾಕ್ ಅಂತಾರೆ, ಬೋಟಿನ ತಳದಲ್ಲಿ ತೂತು ಇರೋ ಕಡೆ ನೀರು ಒಳಗೆ ಹೊರಗೆ ಹೋಗೋಕೆ ಇರೋ ವಾಲ್ವ್, ಅದ್ರ ಹೊರಗಿನ ಫಿಟ್ಟಿಂಗನ್ನ ಸ್ಕ್ರೂಡ್ರೈವರ್ ಇಂದ ಕೆರೆದು ನೋಡಿದೆ, ಹಳದಿ ಹೊಳಪು ಬರಬೇಕಿತ್ತು, ಬಂದಿದ್ದು ಗುಲಾಬಿ ಬಣ್ಣ. ಹುಣಸೆಹಣ್ಣು ಹಚ್ಚಿ ರಾತ್ರಿಯಿಡೀ ಬಿಟ್ಟ ಹಿತ್ತಾಳೆ ಚೊಂಬು ಒಂದೊಂದ್ ಕಡೆ ಕೆಂಪಗೆ ಮಂಕಾಗಿರುತ್ತಲ್ಲ, ಥೇಟ್ ಹಾಗೆ. ಹಿತ್ತಾಳೆ ಅಂದ್ರೆ ತಾಮ್ರಕ್ಕೆ ಸತು ಸೇರಿಸಿದ್ದು, ಉಪ್ಪುನೀರು ವರ್ಷಾನುಗಟ್ಟಲೆ ಸತುವನ್ನ ಎಳ್ಕೊಂಡ್ ಹೋದ್ಮೇಲೆ ಉಳಿಯೋದು ಬಿಸ್ಕತ್ತಿನ ಥರ ಪೊಳ್ಳಾದ ತಾಮ್ರ. ಸುತ್ತಿಗೆಯಿಂದ ಮೆಲ್ಲಗೆ ಒಂದೇಟು ಕೊಟ್ಟೆ, ಅಂಚು ಮುರಿದು ಕೈಗೇ ಬಂತು. ಅದು ಸಮುದ್ರದ ಮಧ್ಯೆ ಮುರಿದಿದ್ರೆ ಹೆಬ್ಬೆರಳಿಗಿಂತ ದಪ್ಪ ತೂತು. ಅವತ್ತು ನಾನು ಸ್ವಲ್ಪ ಹೊತ್ತು ಏಣಿ ಕೆಳಗೆ ಸುಮ್ನೆ ಕೂತ್ಬಿಟ್ಟೆ.

ಬೋಟಲ್ಲಿದ್ದ ಏಳು ಸೀಕಾಕನ್ನೂ ತೆಗೆದು ಕಂಚಿನದ್ದು ಹಾಕ್ಸೋದು ಅಂತಾಯ್ತು. ಸರಿ, ಹೇಗೂ ಬೋಟ್ ಮೇಲಿದೆ, ಚುಕ್ಕಾಣೀನೂ ಇಳಿಸಿ ನೋಡೋಣ ಅಂದ್ವಿ, ಅಲ್ಲಾಡಿಸಿದ್ರೆ ಕೆಳಗಿನ ಬೇರಿಂಗ್ ಹತ್ರ ಸ್ವಲ್ಪ ಸಡಿಲ ಇತ್ತು. ಇಳಿಸಿ ಅಡ್ಡ ಮಲಗಿಸಿದ್ ರಾತ್ರಿ ಅದ್ರ ಮೂಲೆಯಿಂದ ಕಂದು ಬಣ್ಣದ ನೀರು ತೊಟ್ಟಿಕ್ಕಿ ನೆಲ ಎಲ್ಲಾ ತುಕ್ಕಿನ ಕಲೆ. ಒಳಗಿನ ಫೋಮ್ ನೀರು ಕುಡಿದಿತ್ತು, ಫೋಮ್ ಒಳಗೆ ಚುಕ್ಕಾಣಿ ದಂಡಕ್ಕೆ ವೆಲ್ಡ್ ಮಾಡಿರೋ ಸ್ಟೀಲ್ ಪಟ್ಟಿಗಳು ಇರ್ತಾವೆ, ಅವು ಗಾಳಿ ಇಲ್ದೆ ಉಪ್ಪುನೀರಲ್ಲೇ ಕೂತು ಕೊರೆದು ಹೋಗಿದ್ವು. ಸ್ಟೇನ್‌ಲೆಸ್ ಸ್ಟೀಲ್‌ಗೆ ತುಕ್ಕು ಹಿಡಿಯಲ್ಲ ಅನ್ನೋದು ಗಾಳಿ ಆಡೋ ಕಡೆ ನಿಜ, ಮುಚ್ಚಿದ ಒದ್ದೆ ಜಾಗದಲ್ಲಿ ನಿಜ ಅಲ್ಲ. ಕತ್ತರಿಸಿ, ಒಣಗಿಸಿ, ಹೊಸ ಪಟ್ಟಿ ವೆಲ್ಡ್ ಮಾಡಿ, ಮತ್ತೆ ಎಪಾಕ್ಸಿ ಹಾಕಿ ಕಟ್ಟಿ, ಬೇರಿಂಗ್ ಅಳತೆಗೆ ತಕ್ಕಂಗೆ ಲೇತಲ್ಲಿ ಮಾಡ್ಸಿ ತರೋ ಹೊತ್ತಿಗೆ ಆಗಸ್ಟ್ ಮಧ್ಯ. ನೀರಿಗಿಳಿಸಿ ಮೊದಲನೇ ಟ್ರಯಲ್‌ಗೆ ಹೋದ್ರೆ ಇಂಜಿನ್ ನಿಂತೋಯ್ತು (ಅದು ಕೆಳಗೆ ಬೇರೆ ಪ್ರಶ್ನೇಲಿದೆ). ಅದು ಸರಿಯಾಗೋ ಹೊತ್ತಿಗೆ ಸೆಪ್ಟೆಂಬರ್ ಕೊನೆ, ಫ್ರಾನ್ಸ್ ಸ್ಪೇನ್ ಮಧ್ಯದ ಬಿಸ್ಕೆ ಕೊಲ್ಲಿ ಮೇಲೆ ಒಂದರ ಹಿಂದೆ ಒಂದು ಡಿಪ್ರೆಷನ್ (ಬಿರುಗಾಳಿ ತರೋ ವಾಯುಭಾರ ಕುಸಿತ) ಬರ್ತಾ ಇತ್ತು. ಈ ವರ್ಷ ಬೇಡ ಅಂತ ಅಡಿಗೆ ಮನೇಲಿ ಕೂತು ತೀರ್ಮಾನ ಮಾಡಿದ್ವಿ.

ಎರಡು ತಿಂಗಳು ತಡ ಆದ್ರೆ ಎರಡು ತಿಂಗಳು ಬಿಟ್ಟು ಹೋದ್ರಾಯ್ತಲ್ವಾ, ವರ್ಷ ಯಾಕೆ?

ಇದನ್ನ ಬೆಂಗಳೂರಿನ ಸ್ನೇಹಿತರು ಕೇಳ್ತಾರೆ, ಕರಾವಳಿಯವರು ಕೇಳಲ್ಲ. ನಮ್ಮೂರು ಹೊನ್ನಾವರ ಕಡೆ. ಮಳೆಗಾಲದಲ್ಲಿ ದೋಣಿ ಮೇಲೆ ಎಳೆದಿಟ್ಟು ಬಲೆ ನೇಯ್ಕೊಂಡು ಮರಕ್ಕೆ ಮೀನೆಣ್ಣೆ ಹಚ್ಕೊಂಡು ಕೂರೋದನ್ನ ಚಿಕ್ಕಂದಿನಿಂದ ನೋಡಿದೀನಿ, ಈಗಂತೂ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧಾನೇ ಇದೆ. ಸಮುದ್ರಕ್ಕೆ ಒಂದು ಕಾಲ ಅಂತಿರುತ್ತೆ.

ಅಟ್ಲಾಂಟಿಕ್‌ಗೂ ಅಷ್ಟೇ. ಯುರೋಪಿಂದ ಹಾಯಿ ಬೋಟಲ್ಲಿ ಹೋಗೋ ದಾರಿ ಅಂದ್ರೆ ಇಂಗ್ಲಿಷ್ ಚಾನೆಲ್, ಬಿಸ್ಕೆ, ಪೋರ್ಚುಗಲ್, ಕ್ಯಾನರಿ ದ್ವೀಪ, ಅಲ್ಲಿಂದ ಪಶ್ಚಿಮಕ್ಕೆ. ಸ್ಕೂಲಲ್ಲಿ ವಾಣಿಜ್ಯ ಮಾರುತ ಅಂತ ಓದಿದ್ವಲ್ಲ, ಆ ಈಶಾನ್ಯ ಗಾಳಿ ಬೆನ್ನಿಗೆ ಸಿಕ್ಕಿದ್ರೆ ಸುಖ. ಆದ್ರೆ ಆ ಕಡೆ ಕೆರಿಬಿಯನ್‌ನಲ್ಲಿ ಹರಿಕೇನ್ (ಚಂಡಮಾರುತ) ಕಾಲ ಜೂನ್ 1ರಿಂದ ನವೆಂಬರ್ 30, ಅದು ಮುಗಿಯೋ ಮುಂಚೆ ಹೋಗಂಗಿಲ್ಲ. ಈ ಕಡೆ ಬಿಸ್ಕೆಯನ್ನ ಸೆಪ್ಟೆಂಬರ್ ಮೊದಲ ಭಾಗದ ಒಳಗೆ ದಾಟಿದ್ರೆ ಒಳ್ಳೇದು, ಆಮೇಲೆ ಚಳಿಗಾಲದ ಬಿರುಗಾಳಿ ಶುರು. ಹಾಗಾಗಿ ಮೊದಲನೇ ಬಾಗಿಲು ಮುಚ್ಚೋ ಮುಂಚೆ ದಾಟಬೇಕು, ಎರಡನೇ ಬಾಗಿಲು ತೆಗೆಯೋವರೆಗೂ ಕಾಯಬೇಕು. ಮೊದಲನೇ ಬಾಗಿಲಿಗೆ ಮೂರು ವಾರ ತಡವಾಗಿ ಬಂದ್ರೆ ಶಿಕ್ಷೆ ಹನ್ನೊಂದು ತಿಂಗಳು.

ಕೆಲಸದ ಪಟ್ಟಿ ಯಾಕೆ ಮುಗಿಯೋದೇ ಇಲ್ಲ?

ಹನುಮಂತನ ಬಾಲ ಅದು. ಮನೆ ಕಟ್ಟಿ ನೋಡು ಮದುವೆ ಮಾಡಿ ನೋಡು ಅಂತಾರಲ್ಲ, ಮನೆ ಕೆಲಸದಲ್ಲಾದ್ರೂ ಗೋಡೆ ಒಂದ್ಕಡೆ ನೆಟ್ಟಗೆ ನಿಂತಿರುತ್ತೆ, ಬೋಟಲ್ಲಿ ಒಂದು ನಟ್ ಬಿಚ್ಚೋಕೆ ಹೋದ್ರೆ ಅದರ ಹಿಂದಿರೋ ಮೂರು ಕೆಟ್ಟ ವಸ್ತು ಕಾಣ್ಸುತ್ತೆ. ನಮ್ ಪಟ್ಟಿ ಶುರುವಲ್ಲಿ 40 ಸಾಲು ಇತ್ತು, 60 ಕೆಲಸ ಮುಗಿಸಿದ ಮೇಲೆ ನೋಡಿದ್ರೆ 70 ಸಾಲು ಬಾಕಿ!

ನಮಗೆ ದಾರಿ ತೋರಿಸಿದ್ದು ಯಾರ್ಡಲ್ಲಿ ಪಕ್ಕದ ಬೋಟಿನ ಒಬ್ರು ಹಿರಿಯರು, ಎರಡು ಸಲ ದಾಟಿದವರು. ಪಟ್ಟಿನ ಕೆಲಸದ ಪ್ರಕಾರ ಬರೀಬೇಡಿ, ಅದು ಕೆಟ್ರೆ ಏನಾಗುತ್ತೆ ಅನ್ನೋದರ ಪ್ರಕಾರ ಬರೀರಿ ಅಂದ್ರು. ನೀರು ಒಳಗೆ ಬರೋಕೆ ಬಿಡೋದು ಯಾವುದು, ಮಾಸ್ಟ್ (ಹಾಯಿ ಕಟ್ಟೋ ಕಂಬ) ಬೀಳಿಸೋದು ಯಾವುದು, ಚುಕ್ಕಾಣಿ ತಪ್ಪಿಸೋದು ಯಾವುದು, ಜನ ನೀರಿಗೆ ಬೀಳೋ ಹಾಗೆ ಮಾಡೋದು ಯಾವುದು, ಬೆಂಕಿ ಹಚ್ಚೋದು ಯಾವುದು. ಈ ಐದರಲ್ಲಿ ಒಂದಕ್ಕೆ ಸೇರಿದ್ರೆ ಅದು ಮುಗಿಯೋವರೆಗೂ ಹೊರಡಂಗಿಲ್ಲ. ಮಿಕ್ಕಿದ್ದೆಲ್ಲ, ಫ್ರಿಜ್, ಬಿಸಿನೀರು, ಹೊಸ ಕುಷನ್, ಅವೆಲ್ಲ ಆದ್ರೆ ಆಯ್ತು. ಹಾಗೆ ವಿಂಗಡಿಸಿದ್ಮೇಲೆ 70ರಲ್ಲಿ 18 ಮಾತ್ರ ಹೊರಡದ ಹಾಗೆ ತಡೆಯೋ ಕೆಲಸ ಅಂತ ಗೊತ್ತಾಯ್ತು. ಎಷ್ಟೋ ಜನ ಇದಕ್ಕೆ ಉಲ್ಟಾ ಮಾಡ್ತಾರೆ, ಸೋಲಾರ್ ಪ್ಯಾನಲ್, ಹೊಸ ಸ್ಕ್ರೀನು, ಸಮುದ್ರದ ನೀರನ್ನ ಕುಡಿಯೋ ನೀರು ಮಾಡೋ ವಾಟರ್‌ಮೇಕರ್ ಮೊದ್ಲು ಹಾಕಿಸ್ತಾರೆ, ಯಾಕಂದ್ರೆ ಅದು ಖುಷಿ ಕೊಡೋ ಕೆಲಸ. ತಳದಲ್ಲಿ ಕೈ ಹಾಕಿ ಹೋಸ್ ಕ್ಲಿಪ್ ಬದಲಾಯಿಸೋದು ಖುಷಿ ಕೊಡಲ್ಲ.

ರಿಗ್ಗಿಂಗ್ ನೋಡೋಕೆ ಚೆನ್ನಾಗೇ ಇದೆ, ಬದಲಾಯಿಸ್ಲೇಬೇಕಾ?

ಮಾಸ್ಟನ್ನ ನಿಲ್ಲಿಸಿರೋ ಸ್ಟೀಲ್ ವೈರ್‌ಗಳಿಗೆ ಸಾಮಾನ್ಯವಾಗಿ 10ರಿಂದ 15 ವರ್ಷ ಆಯಸ್ಸು ಅಂತಾರೆ, ಎಷ್ಟು ಓಡಿಸಿದೀರ ಅನ್ನೋದರ ಮೇಲೆ. ನಮ್ದು 11 ವರ್ಷದ್ದು. ಚುಕ್ಕಾಣಿ ಖರ್ಚಾದ್ಮೇಲೆ ಕೈಲಿ ದುಡ್ಡಿರ್ಲಿಲ್ಲ, ನೋಡಿದವರು ಪರವಾಗಿಲ್ಲ ಅಂದ್ರು, ನಾವೂ ಒಪ್ಕೊಂಡ್ವಿ. ಅದು ನಾವು ತಗೊಂಡ ತಪ್ಪು ತೀರ್ಮಾನ, ಬೇರೆಯವರು ಮಾಡ್ಬಾರ್ದು ಅಂತಾನೇ ಇದನ್ನ ಬರೀತಿರೋದು.

ಎರಡನೇ ವರ್ಷ ಅಕ್ಟೋಬರ್‌ನಲ್ಲಿ ಕ್ಯಾನರಿ ದ್ವೀಪದ ಲಾಸ್ ಪಾಲ್ಮಾಸ್ ತಲುಪಿದ್ವಿ. ಅಲ್ಲಿ ಒಂದಿನ ಬೆಳಿಗ್ಗೆ ನನ್ ಹೆಂಡ್ತಿ ಸ್ವಲ್ಪ ಹತ್ತಿ ತಗೊಂಡು ಪ್ರತಿ ವೈರನ್ನೂ ಕೆಳಗಿಂದ ಸವರ್ಕೊಂಡ್ ಬರ್ತಿದ್ಲು, ಎಡಗಡೆ ಲೋಯರ್ ಶ್ರೌಡ್‌ನಲ್ಲಿ (ಮಾಸ್ಟನ್ನ ಪಕ್ಕದಿಂದ ಹಿಡಿಯೋ ವೈರ್) ವೈರು ತುದಿಯ ಫಿಟ್ಟಿಂಗ್ ಒಳಗೆ ಹೋಗೋ ಜಾಗದಿಂದ ಎರಡು ಬೆರಳು ಮೇಲೆ ಹತ್ತಿ ಸಿಕ್ಕಾಕೊಳ್ತು. ಇಲ್ ಬನ್ನಿ ಅಂದ್ಲು. ನೋಡಿದ್ರೆ 19 ಎಳೇಲಿ ಒಂದೆಳೆ ತುಂಡಾಗಿ ಕೂದಲು ಥರ ಹೊರಗೆ ಚಾಚಿದೆ. ಕಣ್ಣಿಗೆ ಕಾಣ್ತಿರ್ಲಿಲ್ಲ, ಹತ್ತಿಗೆ ಸಿಕ್ತು. ಒಂದೆಳೆ ಹೋಯ್ತು ಅಂದ್ರೆ ಉಳಿದ 18ರ ಮೇಲೆ ಭಾರ ಜಾಸ್ತಿ, ಅವೂ ಅಷ್ಟೇ ವಯಸ್ಸಿನವು, ಮುಂದೆ 2000 ಮೈಲಿಗೂ ಜಾಸ್ತಿ ಹಗಲೂ ರಾತ್ರಿ ಓಲಾಡೋ ದಾರಿ. ಪೂರ್ತಿ ರಿಗ್ಗಿಂಗ್ ಅಲ್ಲೇ ಬದಲಾಯಿಸಿದ್ವಿ. ಐದು ವಾರ.

ಒಂದು ಪಾರ್ಟ್ ಬರೋಕೆ ಐದು ವಾರ ಯಾಕೆ?

ವೈರಿಗಿಂತ ಅದ್ರ ತುದಿಯ ಫಿಟ್ಟಿಂಗ್ ಸಿಗೋದು ಕಷ್ಟ, ನಮ್ ಬೋಟಿನ ಅಳತೆಯದ್ದು ಅಲ್ಲಿರ್ಲಿಲ್ಲ. ಕ್ಯಾನರಿ ದ್ವೀಪ ಸ್ಪೇನ್‌ಗೆ ಸೇರಿದ್ರೂ ಯುರೋಪಿಯನ್ ಯೂನಿಯನ್ನಿನ ವ್ಯಾಟ್ ವ್ಯವಸ್ಥೆಯಿಂದ ಹೊರಗೆ, ಅಲ್ಲಿಗೆ ಬೇರೇನೇ ತೆರಿಗೆ, ಹಾಗಾಗಿ ಎಲ್ಲಿಂದ ಪಾರ್ಸೆಲ್ ಬಂದ್ರೂ ಕಸ್ಟಮ್ಸ್ ದಾಟಬೇಕು. ನಮ್ ಪಾರ್ಸೆಲ್ ದ್ವೀಪಕ್ಕೆ ಬಂದು ಒಂಬತ್ತು ದಿನ ಬಂದರಿಂದ ಬಸ್ಸಲ್ಲಿ ಹೋಗೋ ದೂರದಲ್ಲೇ ಕೂತಿತ್ತು, ಒಂದು ಕಾಗದದಲ್ಲಿ ಬೋಟಿನ ಹೆಸರಿಲ್ಲ ಅಂತ. ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅನ್ನೋ ಗಾದೆ ನೆನಪಾಗದ ದಿನ ಇಲ್ಲ. ಇನ್ನೊಂದು ವಿಷ್ಯ, ಸ್ಪೇನ್ ಪೋರ್ಚುಗಲ್ ಕಡೆ ಆಗಸ್ಟ್ ಅಂದ್ರೆ ರಜಾ, ಹಾಯಿ ಹೊಲಿಯೋರು ವೆಲ್ಡಿಂಗಿನೋರು ಸುಮಾರು ಜನ ಬಾಗಿಲು ಹಾಕಿರ್ತಾರೆ, ಆ ತಿಂಗಳನ್ನ ಲೆಕ್ಕಕ್ಕೇ ಹಿಡೀಬೇಡಿ.

ಇಂಜಿನ್ ಯಾಕೆ ನಿಂತಿತ್ತು?

ಡೀಸೆಲ್ ಟ್ಯಾಂಕಲ್ಲಿ ಕೊಳಕು. ಬೋಟ್ ತಿಂಗಳುಗಟ್ಟಲೆ ನಿಂತೇ ಇದ್ರೆ ಅರ್ಧ ಖಾಲಿ ಟ್ಯಾಂಕಿನ ಗೋಡೆಗೆ ತೇವ ಕೂತು ನೀರಾಗಿ ತಳಕ್ಕಿಳಿಯುತ್ತೆ, ಆ ನೀರು ಡೀಸೆಲ್ ಎರಡೂ ಸೇರೋ ಜಾಗದಲ್ಲಿ ಸೂಕ್ಷ್ಮಜೀವಿ ಬೆಳೆದು ಕಪ್ಪು ಲೋಳೆ ಆಗುತ್ತೆ. ಬಂದರಲ್ಲಿ ಇಂಜಿನ್ ಓಡ್ಸಿದ್ರೆ ಏನೂ ಗೊತ್ತಾಗಲ್ಲ, ಹೊರಗೆ ಅಲೆಗೆ ಬೋಟ್ ಕುಲುಕಿದಾಗ ಲೋಳೆ ಎದ್ದು ಫಿಲ್ಟರ್ ಕಟ್ಕೊಳ್ಳುತ್ತೆ. ಅಂದ್ರೆ ಇಂಜಿನ್ ತುಂಬಾ ಬೇಕಾದ ಸಮಯದಲ್ಲೇ ನಿಲ್ಲುತ್ತೆ. ಟ್ಯಾಂಕ್ ಖಾಲಿ ಮಾಡಿ, ಕೈ ಹೋಗೋವಷ್ಟು ಬಾಯಿ ಕೊರೆದು, ಒಳಗೆ ಬಟ್ಟೆಯಿಂದ ಒರೆಸಿ ತೆಗೆದ್ವಿ. ಫಿಲ್ಟರ್ 12, ಇಂಜಿನ್ ತಂಪು ಮಾಡೋ ನೀರಿನ ಪಂಪಿನ ಇಂಪೆಲ್ಲರ್ 3, ಬೆಲ್ಟ್ 2 ಜೊತೆಗಿಟ್ಕೊಂಡ್ವಿ, ಅದು ಜಾಸ್ತಿ ಅಲ್ಲ.

ಭಾರತದ ಪಾಸ್‌ಪೋರ್ಟ್ ಇದ್ರೆ ತಡ ಇನ್ನೂ ಕಷ್ಟನಾ?

ಹೌದು, ಮತ್ತೆ ಇದನ್ನ ಇಲ್ಲಿನ ಬ್ರಿಟಿಷ್ ಸೈಲಿಂಗ್ ಗೆಳೆಯರು ಯಾರೂ ನಿಮಗೆ ಹೇಳಲ್ಲ. ನಾನು ಇನ್ನೂ ಭಾರತದ ಪಾಸ್‌ಪೋರ್ಟ್ ಇಟ್ಕೊಂಡಿದೀನಿ, ಶೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಂದೇ) ವೀಸಾ ಬೇಕು, ಆ ವೀಸಾಗೆ ತಾರೀಕು ಇರುತ್ತೆ. ಮೊದಲನೇ ವರ್ಷ ತಗೊಂಡ ವೀಸಾ ಬೋಟ್ ಯಾರ್ಡಲ್ಲಿ ನಿಂತಿರೋವಾಗಲೇ ಮುಗಿದೋಯ್ತು, ಫೀಸು, ಬೆರಳಚ್ಚು, ಕಾಗದ ಎಲ್ಲಾ ಮತ್ತೊಂದ್ಸಲ. ಎರಡನೇ ಸಲ ಸಿಕ್ಕಿದ್ದು 180 ದಿನದಲ್ಲಿ 90 ದಿನ ಇರೋಕೆ. ಬ್ರೆಕ್ಸಿಟ್ ಆದ್ಮೇಲೆ ಬ್ರಿಟಿಷ್ ಪಾಸ್‌ಪೋರ್ಟಿನೋರಿಗೂ ವೀಸಾ ಬೇಡ ಅನ್ನೋದು ಬಿಟ್ರೆ ಇದೇ 90 ದಿನ. ಕ್ಯಾನರಿ ದ್ವೀಪಾನೂ ಶೆಂಗೆನ್ ಒಳಗೇ ಇದೆ, ರಿಗ್ಗಿಂಗಿಗೆ ಕಾಯ್ತಾ ಕೂತ ಐದು ವಾರಾನೂ ಅದರಲ್ಲೇ ಕರಗಿತು. ನಾವು ಲಾಸ್ ಪಾಲ್ಮಾಸ್ ಬಿಟ್ಟಿದ್ದು 84ನೇ ದಿನ. ಇನ್ನೊಂದು ವಾರ ತಡ ಆಗಿದ್ರೆ ನಾನು ಬೋಟ್ ಬಿಟ್ಟು ವಿಮಾನ ಹತ್ತಬೇಕಿತ್ತು. ಬಿಸ್ಕೆ ದಾಟೋ ಮುಂಚೆ ಆಗಬಹುದಾದ ರಿಪೇರಿನೆಲ್ಲ ಇಂಗ್ಲೆಂಡಲ್ಲೇ ಮುಗಿಸಿ ಅಂತ ನಾನು ಒತ್ತಿ ಹೇಳೋದು ಇದಕ್ಕೇ, ಇಂಗ್ಲೆಂಡಲ್ಲಿ ಕಾಯೋದಕ್ಕೆ ದುಡ್ಡು ಮಾತ್ರ ಖರ್ಚು, ಶೆಂಗೆನ್ ಒಳಗೆ ಕಾಯೋದಕ್ಕೆ ವೀಸಾದ ದಿನಾನೂ ಖರ್ಚು.

ಇನ್ಶೂರೆನ್ಸ್ ಇಂದ ತಡ ಆಗುತ್ತಾ?

ಆಗುತ್ತೆ. ಸರ್ವೇ ರಿಪೋರ್ಟ್ ಕೇಳ್ತಾರೆ, ರಿಗ್ಗಿಂಗ್ ವಯಸ್ಸು ಕೇಳ್ತಾರೆ, ಇಬ್ರೇ ದಾಟ್ತೀವಿ ಅಂದ್ರೆ ಅನುಭವ ಎಷ್ಟು ಅಂತ ಬರೆದು ಕೊಡಿ ಅಂತಾರೆ. 2024ರ ಜುಲೈ 1ಕ್ಕೆ ಬೆರಿಲ್ ಹರಿಕೇನ್ ಕೆರಿಬಿಯನ್‌ನ ಗ್ರೆನಡಾ ದೇಶದ ಕ್ಯಾರಿಯಾಕೂ ದ್ವೀಪಕ್ಕೆ ಅಪ್ಪಳಿಸ್ತು, ಅಷ್ಟು ದಕ್ಷಿಣಕ್ಕೆ ಬಂದ್ರೆ ಸೇಫು ಅಂತ ಎಷ್ಟೋ ಬೋಟುಗಳು ಆ ಕಡೆ ಇದ್ವು. ಹಾಗಾಗಿ ಹೊರಡೋ ಎರಡು ತಿಂಗಳ ಮುಂಚೆನೇ ಪಾಲಿಸಿಯ ಸಣ್ಣ ಅಕ್ಷರ ಓದಿ, ಯಾವ ಅಕ್ಷಾಂಶದಲ್ಲಿ ಯಾವ ತಿಂಗಳು ಇರಬಾರದು ಅಂತ ಅದರಲ್ಲಿರುತ್ತೆ.

ಓರ್ಕಾ ತಿಮಿಂಗಿಲಗಳು ಚುಕ್ಕಾಣಿ ಮುರೀತಾವಂತೆ, ನಿಜನಾ?

ನಿಜ. 2020ರಿಂದ ಜಿಬ್ರಾಲ್ಟರ್ ಇಂದ ಹಿಡಿದು ಪೋರ್ಚುಗಲ್, ಉತ್ತರ ಸ್ಪೇನ್ ತನಕ ಆಗ್ತಾ ಇದೆ, ಕೆಲವು ಬೋಟ್ ಮುಳುಗಿದಾವೆ ಕೂಡ. ನಮಗೆ ಸಿಗಲಿಲ್ಲ, ದಡಕ್ಕೆ ಹತ್ರ, ಆಳ ಕಮ್ಮಿ ಇರೋ ಕಡೆಯಿಂದ ಹಗಲಲ್ಲಿ ಹೋದ್ವಿ, ಅದಕ್ಕೇ ಒಂದು ವಾರ ಜಾಸ್ತಿ ಹಿಡೀತು.

ಅನುಭವ ಇರೋರಿಗೂ ಹೀಗಾಗುತ್ತಾ, ಅಥವಾ ಹೊಸಬರಿಗೆ ಮಾತ್ರನಾ?

1492ರ ಆಗಸ್ಟ್ 3ಕ್ಕೆ ಕೊಲಂಬಸ್ ಸ್ಪೇನ್ ಬಿಟ್ಟು ಮೂರೇ ದಿನಕ್ಕೆ ಪಿಂಟಾ ಹಡಗಿನ ಚುಕ್ಕಾಣಿ ಕಿತ್ತು ಬಂತು. ರಿಪೇರಿಗೆ ಕ್ಯಾನರಿ ದ್ವೀಪದಲ್ಲಿ ನಿಂತ್ರು, ಹಾಗೇ ನೀನ್ಯಾ ಹಡಗಿನ ತ್ರಿಕೋನ ಹಾಯಿ ತೆಗೆದು ಚೌಕದ್ದು ಹಾಕ್ಸಿದ್ರು, ಅಲ್ಲಿಂದ ಪಶ್ಚಿಮಕ್ಕೆ ಬಿಟ್ಟಿದ್ದು ಸೆಪ್ಟೆಂಬರ್ 6ಕ್ಕೆ. ನಾವು ಅದೇ ದ್ವೀಪದಲ್ಲಿ ರಿಗ್ಗಿಂಗ್ ಪಾರ್ಟ್‌ಗೆ ಕಾಯ್ತಾ ಕೂತಾಗ ನನಗೆ ಇದು ದೊಡ್ಡ ಸಮಾಧಾನ ಕೊಟ್ಟ ವಿಷ್ಯ.

ನಮ್ ದೇಶದವರನ್ನೇ ನೋಡಿ. 2017ರ ಸೆಪ್ಟೆಂಬರ್ 10ಕ್ಕೆ ಗೋವಾದಿಂದ ಹೊರಟ ನೌಕಾಪಡೆಯ ಆರು ಜನ ಹೆಣ್ಮಕ್ಕಳ ತಾರಿಣಿ ಬೋಟ್, ಜಗತ್ತು ಸುತ್ತಿ ಬರೋ ದಾರೀಲಿ ಸ್ಟೀರಿಂಗ್ ತೊಂದ್ರೆ ಬಂದು ಪ್ಲಾನಲ್ಲೇ ಇಲ್ಲದ ಮಾರಿಷಸ್‌ನಲ್ಲಿ ನಿಂತು ರಿಪೇರಿ ಮಾಡ್ಕೊಂಡು 2018ರ ಮೇ 21ಕ್ಕೆ ವಾಪಸ್ ಗೋವಾ ತಲುಪ್ತು. ಅಭಿಲಾಷ್ ಟೋಮಿ 2018ರ ಗೋಲ್ಡನ್ ಗ್ಲೋಬ್ ರೇಸಲ್ಲಿ (ಒಬ್ರೇ ಹಾಯಿ ಬೋಟಲ್ಲಿ ಜಗತ್ತು ಸುತ್ತೋ ಸ್ಪರ್ಧೆ) ಮಾಸ್ಟ್ ಮುರಿದು ಬೆನ್ನುಮೂಳೆಗೆ ಪೆಟ್ಟಾಗಿ ಬದುಕಿ ಬಂದವರು, 2022ರಲ್ಲಿ ಮತ್ತೆ ಹೊರಟಾಗ ರೇಸಿಗೆ ಕೆಲವೇ ದಿನ ಇರೋವಾಗ ಬಿಸ್ಕೆಯಲ್ಲಿ ದೊಡ್ಡ ಹಡಗು ತಾಗಿ ಬೋಟಿನ ಮುಂದಕ್ಕೆ ಚಾಚಿರೋ ಕಂಬ, ಬೌಸ್ಪ್ರಿಟ್, ಮುರೀತು. ಸರಿಮಾಡ್ಸಿ ಹೊರಟು 2023ರ ಏಪ್ರಿಲ್‌ನಲ್ಲಿ ಎರಡನೇ ಸ್ಥಾನದಲ್ಲಿ ಮುಗಿಸಿದ್ರು. ಅದನ್ನ ನೆನೆಸ್ಕೊಂಡ್ರೆ ನನಗೆ ಈಗ್ಲೂ ಮೈ ಜುಮ್ಮನ್ನುತ್ತೆ.

ತಾರೀಕು ಗಟ್ಟಿ ಮಾಡ್ಕೊಂಡ್ರೆ ಕೆಲಸ ಬೇಗ ಮುಗಿಯುತ್ತಲ್ವಾ?

ಕೆಲಸಕ್ಕೆ ತಾರೀಕು ಹಾಕ್ಕೊಳ್ಳಿ, ಹೊರಡೋಕೆ ಬೇಡ. ಡೊನಾಲ್ಡ್ ಕ್ರೋಹರ್ಸ್ಟ್ ಅಂತ ಇಂಗ್ಲೆಂಡಿನವರು, ಒಬ್ರೇ ಜಗತ್ತು ಸುತ್ತೋ 1968ರ ರೇಸಿಗೆ ಹೊರಡೋಕೆ ಅಕ್ಟೋಬರ್ 31 ಕೊನೇ ದಿನ, ಅವರು ಇಂಗ್ಲೆಂಡಿನ ಟಿನ್‌ಮತ್ ಇಂದ ಬಿಟ್ಟಿದ್ದು ಅದೇ ಕೊನೇ ದಿನ, ಬೋಟಿನ ಕೆಲಸ ಮುಗಿದಿರ್ಲಿಲ್ಲ, ಒಳಗೆ ಬಂದ ನೀರು ಹೊರಹಾಕೋ ಪಂಪಿನ ಪೈಪು ದಡದಲ್ಲೇ ಉಳೀತು. ದುಡ್ಡು ಹಾಕಿದವರಿದ್ರು, ಪೇಪರಿನವರಿದ್ರು, ಹೋಗಲ್ಲ ಅನ್ನೋಕೆ ಆಗಲಿಲ್ಲ. ಬೋಟ್ 1969ರ ಜುಲೈನಲ್ಲಿ ಅಟ್ಲಾಂಟಿಕ್‌ನಲ್ಲಿ ಖಾಲಿಯಾಗಿ ತೇಲ್ತಾ ಸಿಕ್ತು. ನಮ್ಮಂಥವರಿಗೆ ಪೇಪರಿನವರು ಇರಲ್ಲ ನಿಜ, ಆದ್ರೆ ವಿಮಾನದ ಟಿಕೆಟ್ ಬುಕ್ ಮಾಡಿರೋ ಸ್ನೇಹಿತ ಇರ್ತಾನೆ, ಆಫೀಸಲ್ಲಿ ಕೊಟ್ಟ ಬೀಳ್ಕೊಡುಗೆ ಪಾರ್ಟಿ ಇರುತ್ತೆ, ಅವೂ ಅಷ್ಟೇ ಜೋರಾಗಿ ತಳ್ತಾವೆ. ನಮ್ ಜೊತೆ ಮೂರನೆಯವನಾಗಿ ಬರಬೇಕಿದ್ದ ಸ್ನೇಹಿತನಿಗೆ ನಾನು ನವೆಂಬರ್ 10 ಅಂತ ಹೇಳಿದ್ದೆ. ಆಗಲ್ಲ ಅಂತ ಫೋನ್ ಮಾಡೋಕೆ ನನಗೆ ಎರಡು ದಿನ ಹಿಡೀತು, ಅವನು ಐದು ನಿಮಿಷದಲ್ಲಿ ಸರಿ ಬಿಡೋ ಅಂದ. ಇಬ್ರೇ ದಾಟಿದ್ವಿ. ಈಗ ಯಾರಿಗೇ ಆದ್ರೂ ಜಾಗದ ಹೆಸರು ಹೇಳ್ತೀನಿ ಇಲ್ಲಾ ತಾರೀಕು ಹೇಳ್ತೀನಿ, ಎರಡನ್ನೂ ಒಟ್ಟಿಗೆ ಹೇಳಲ್ಲ.

ಊರಲ್ಲಿ ಅಪ್ಪ ಅಮ್ಮ ಕೇಳಿದ್ರೆ ಏನ್ ಹೇಳ್ತೀರ?

ಅಮ್ಮ ದಿನಾ ಕೇಳೋರು, ಏನೋ ಹೊರಟ್ರಾ ಅಂತ, ಇಲ್ಲ ಅಂದ್ರೆ ದನಿಯಲ್ಲೇ ಖುಷಿ ಗೊತ್ತಾಗೋದು. ಮುಚ್ಚಿಡದೆ ಎಲ್ಲಾ ಹೇಳಿದ್ವಿ, ಮುರಿದ ವೈರಿನ ಫೋಟೋನೂ ಕಳಿಸಿದ್ವಿ. ಅದನ್ನ ನೋಡಿದ್ಮೇಲೆ ಅಪ್ಪ, ಇಷ್ಟು ನೋಡ್ಕೊಂಡ್ ಹೋಗೋರಾದ್ರೆ ಹೋಗ್ಲಿ ಬಿಡು ಅಂದ್ರಂತೆ.

ಇಷ್ಟು ದಿನ ಕಾಯೋವಾಗ ಇಬ್ರ ಮಧ್ಯೆ ಜಗಳ ಆಗಲ್ವಾ?

ಆಗುತ್ತೆ. ಬೋಟ್ ಯಾರ್ಡಲ್ಲಿ ಏಣಿ ಮೇಲೆ ಇರೋವಾಗಿನ ಜೀವನ ಕಷ್ಟ, ಪಾತ್ರೆ ತೊಳೆದ ನೀರೂ ಬಕೆಟಲ್ಲಿ ಕೆಳಗೆ ಇಳಿಸಬೇಕು, ರಾತ್ರಿ ಮಳೇಲಿ ಟಾಯ್ಲೆಟಿಗೆ ಯಾರ್ಡ್ ಆ ಕಡೆ ತುದಿಗೆ ಹೋಗಬೇಕು. ನಾವು ವಾರಕ್ಕೆ ಒಂದಿನ ಬೋಟ್ ಮಾತೇ ಆಡೋ ಹಾಗಿಲ್ಲ ಅಂತ ಮಾಡ್ಕೊಂಡ್ವಿ, ಭಾನುವಾರ ರೂಮ್ ಬಾಡಿಗೆಗೆ ತಗೊಂಡು ಬಿಸಿನೀರಲ್ಲಿ ಸ್ನಾನ ಮಾಡಿ ಬಿಸಿಬೇಳೆಬಾತ್ ಮಾಡ್ಕೊಂಡು ತಿನ್ನೋದು. ಅದಿಲ್ಲದಿದ್ರೆ ನಾವು ಮುಂದುವರೀತಿರ್ಲಿಲ್ಲ ಅಂತ ನನಗೆ ಅನ್ಸುತ್ತೆ.

ಎಲ್ಲಾ ರೆಡಿ ಆದ್ಮೇಲೂ ಯಾಕೆ ಕಾದ್ರಿ?

ಲಾಸ್ ಪಾಲ್ಮಾಸ್ ಇಂದ ಆಫ್ರಿಕಾದ ಪಶ್ಚಿಮಕ್ಕಿರೋ ದ್ವೀಪ ದೇಶ ಕೇಪ್ ವರ್ಡಿಯ ಮಿಂಡೆಲೋ ಬಂದರಿಗೆ ಸುಮಾರು 860 ನಾಟಿಕಲ್ ಮೈಲಿ, ಏಳು ದಿನದಲ್ಲಿ ಹೋದ್ವಿ. ಅಲ್ಲಿ ಹತ್ತೊಂಬತ್ತು ದಿನ ಕಾದ್ವಿ, ಉತ್ತರದಲ್ಲಿ ಡಿಪ್ರೆಷನ್ ಬಂದು ವಾಣಿಜ್ಯ ಮಾರುತ ಕೆಡಿಸಿಬಿಟ್ಟಿತ್ತು, ಗಾಳಿ ಪಶ್ಚಿಮದಿಂದ ಬರ್ತಿತ್ತು. ಇದೊಂದು ತಡಕ್ಕೆ ಯಾರ ಮೇಲೂ ಕೋಪ ಬರಲ್ಲ. ಊರಿಂದ ತರಿಸಿದ್ದ ಅವಲಕ್ಕಿಯಲ್ಲಿ ಹುಳ ಆಗಿತ್ತು ಅಷ್ಟೊತ್ತಿಗೆ, ಜರಡಿ ಹಿಡಿದು ಹುರಿದು ಡಬ್ಬಕ್ಕೆ ಹಾಕಿದ್ವಿ, ಚಟ್ನಿಪುಡಿ ಮಾತ್ರ ಒಂದ್ವರ್ಷ ಆದ್ರೂ ಹಾಗೇ ಇತ್ತು. ಹೊರಡೋಕೆ ಶುಕ್ರವಾರ ಗಾಳಿ ಸರಿಯಾಯ್ತು, ಶುಕ್ರವಾರ ಬಂದರು ಬಿಡಬಾರದು ಅಂತ ಇಲ್ಲಿನ ಹಳೇ ನಾವಿಕರ ನಂಬಿಕೆ, ನಮ್ ಕಡೆ ಮಂಗಳವಾರದ್ದು ಇದ್ದಂಗೆ. ಶನಿವಾರ ಬೆಳಿಗ್ಗೆ ಲಂಗರು ಎತ್ತಿದ್ವಿ.

ದಾರೀಲಿ ಏನಾದ್ರೂ ಕೆಟ್ಟೋಯ್ತಾ?

ಫ್ರಿಜ್ ನಾಲ್ಕನೇ ದಿನಕ್ಕೆ ನಿಂತೋಯ್ತು. ಹಾಯಿಯ ಒಂದು ಹಗ್ಗ ಉಜ್ಜಿ ಉಜ್ಜಿ ಒಂಬತ್ತನೇ ರಾತ್ರಿ ತುಂಡಾಯ್ತು, ಬದಲಿ ಇತ್ತು. ಬಾರ್ಬಡೋಸ್ ತಲುಪೋಕೆ ಹದಿನೇಳು ದಿನ ಆಯ್ತು, ದಿನಾ ಬೆಳಿಗ್ಗೆ ಕಾಫಿ ಆದ್ಮೇಲೆ ಅವಳು ಹತ್ತಿ ತಗೊಂಡು ಮಾಸ್ಟಿನ ಸುತ್ತ ಒಂದ್ ರೌಂಡ್ ಬರ್ತಿದ್ಲು, ನಾನು ನೆಲದ ಹಲಗೆ ಎತ್ತಿ ಏಳು ಸೀಕಾಕ್ ಹತ್ರಾನೂ ಕೈ ಹಾಕಿ ಮುಟ್ಟಿ ನೋಡ್ತಿದ್ದೆ. ಹದಿನೇಳು ದಿನಾನೂ ಒಣಗೇ ಇತ್ತು.